ಮ್ಯಾಂಡರಿನ್ ಫೋಟೋ: ಟೋಪಿ ಬಿಡಿ, ಎದೆ ನೋಡಿ

ಪ್ರಶ್ನೆ: 19ನೇ ಶತಮಾನದ ಎಷ್ಟೋ ಫೋಟೋಗಳ ಕೆಳಗೆ ‘ಚೀನಾದ ಮ್ಯಾಂಡರಿನ್’ (ಅಂದರೆ ಸರ್ಕಾರಿ ಅಧಿಕಾರಿ) ಎಂದಷ್ಟೇ ಬರೆದಿರುತ್ತದೆ. ಉಡುಪು ನೋಡಿ ಆತ ಯಾವ ದರ್ಜೆಯ ಅಧಿಕಾರಿ ಎಂದು ಹೇಳಬಹುದೇ?

ಉಡುಪಿನ ದರ್ಜೆ ಹೇಳಬಹುದು. ತೊಟ್ಟವನದ್ದೂ ಅದೇ ದರ್ಜೆಯೇ ಎಂಬುದು ಬೇರೆ ಮಾತು.

ಆಗ ಚೀನಾವನ್ನು ಆಳುತ್ತಿದ್ದ ಚಿಂಗ್ ರಾಜವಂಶದ ಆಡಳಿತದಲ್ಲಿ 9 ದರ್ಜೆಗಳಿದ್ದವು, 1 ಎಲ್ಲಕ್ಕಿಂತ ಮೇಲಿನದು. ಟೋಪಿಯ ತುದಿಯ ಗುಂಡು ದರ್ಜೆಗೆ ತಕ್ಕಂತೆ ಬಣ್ಣ ಬದಲಿಸುತ್ತಿತ್ತು: 1ಕ್ಕೆ ಪಾರದರ್ಶಕ ಕೆಂಪು, 2ಕ್ಕೆ ಹವಳ, 3 ಮತ್ತು 4ಕ್ಕೆ ನೀಲಿ, 5ಕ್ಕೆ ಸ್ಫಟಿಕ. ಎದುರಿಗೆ ಕಂಡಾಗ ಇದೇ ಸುಲಭದ ಗುರುತು, ಫೋಟೋದಲ್ಲಿ ಇದೇ ಮೋಸ. ಆ ಕಾಲದಲ್ಲಿ ಫೋಟೋ ತೆಗೆಯಲು ಬಳಸುತ್ತಿದ್ದ, ಕೊಲೋಡಿಯನ್ ಎಂಬ ಅಂಟು ದ್ರವ ಬಳಿದ ಗಾಜಿನ ಫಲಕಕ್ಕೆ ನೀಲಿ ಬೆಳಕು ಮಾತ್ರ ಚೆನ್ನಾಗಿ ನಾಟುತ್ತದೆ. ಕೆಂಪು ಕಪ್ಪಾಗಿ, ನೀಲಿ ಬಿಳಿಚಿಕೊಂಡು ಮೂಡುತ್ತದೆ. ಹೀಗಾಗಿ 3ನೇ ದರ್ಜೆಯ ನೀಲಿ ಗುಂಡೂ 5ನೆಯದರ ಸ್ಫಟಿಕವೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಗೌರವದ ಗುರುತಾಗಿ ಟೋಪಿಗೆ ಸಿಕ್ಕಿಸುತ್ತಿದ್ದ ನವಿಲುಗರಿಯನ್ನೂ ನಂಬಿ ಕೂರಬೇಡಿ. ಅದು ಟೋಪಿಯ ಹಿಂದಕ್ಕೆ ಇಳಿಬಿದ್ದಿರುವುದರಿಂದ ಎದುರಿನಿಂದ ತೆಗೆದ ಚಿತ್ರದಲ್ಲಿ ಕಾಣುವುದೇ ಅಪರೂಪ.

ಎದೆಯ ಮೇಲಿನ ಕಸೂತಿ ಚೌಕಕ್ಕೆ ಬನ್ನಿ. ಇಲ್ಲಿ ಬಣ್ಣ ಬೇಕಿಲ್ಲ, ಆಕಾರ ಸಾಕು. ಹಕ್ಕಿ ಇದ್ದರೆ ಆಡಳಿತದವನು, ನಾಲ್ಕು ಕಾಲಿನ ಪ್ರಾಣಿ ಇದ್ದರೆ ಸಾಮಾನ್ಯವಾಗಿ ಸೇನೆಯವನು. ಕ್ರೌಂಚ 1ನೇ ದರ್ಜೆ, ನವಿಲು 3, ಕಾಡು ಹೆಬ್ಬಾತು 4, ಬೆಳ್ಳಕ್ಕಿ 6. ಸೇನೆಯಲ್ಲಿ ಸಿಂಹ 2, ಹುಲಿ 4, ಕರಡಿ 5. ಚೌಕದ ಬದಲು ದುಂಡಗಿನ ಡ್ರಾಗನ್ ಕಸೂತಿ ಇದ್ದರೆ ರಾಜಮನೆತನದ ಕಡೆ ಹುಡುಕಿ. ಮೇಲಂಗಿ ಮುಂದೆ ತೆರೆಯುವುದರಿಂದ ಎದೆಯ ಚೌಕ ನಡುವೆ ಸೀಳಿರುತ್ತದೆ, ಮೇಲೆ 108 ಮಣಿಗಳ ಸರವೂ ಬಂದು ಬೀಳುತ್ತದೆ. ಹಕ್ಕಿಯ ತಲೆ ಮುಚ್ಚಿಹೋದರೆ ಬಾಲ, ಕಾಲು ನೋಡಿ. ಅಂದ ಹಾಗೆ, ಚೌಕದ ಮೂಲೆಯ ಕರಿ ಬೊಟ್ಟು ಕಲೆಯಲ್ಲ, ಕೆಂಪು ಸೂರ್ಯ.

ಚಿತ್ರ ಡಾಗೆರೋಟೈಪ್ (ಬೆಳ್ಳಿ ಲೇಪದ ಲೋಹದ ಫಲಕದ ಮೇಲೆ ನೇರವಾಗಿ ಮೂಡಿಸಿದ ಆರಂಭಕಾಲದ ಫೋಟೋ) ಆಗಿದ್ದರೆ ಎಡ-ಬಲ ಸಾಮಾನ್ಯವಾಗಿ ಕನ್ನಡಿಯಂತೆ ಅದಲುಬದಲು. ಮೇಲಂಗಿಯಿಲ್ಲದೆ ಬರೀ ನಿಲುವಂಗಿಯಲ್ಲಿದ್ದರೆ ಗುಂಡಿಗಳು ತೊಟ್ಟವನ ಬಲಪಕ್ಕಕ್ಕೆ ಇರಬೇಕು. ಅವನ ಎಡಪಕ್ಕಕ್ಕೆ ಕಂಡರೆ ಚಿತ್ರವೇ ತಿರುವುಮುರುವು.

ಇಷ್ಟೆಲ್ಲ ಓದಿದ ಮೇಲೂ ಸಿಕ್ಕಿದ್ದು ಬಟ್ಟೆಯ ದರ್ಜೆ. 1860ರ ದಶಕದ ಆರಂಭದಲ್ಲಿ ಹಾಂಗ್‌ಕಾಂಗ್‌ನಲ್ಲಿ ಸ್ಟುಡಿಯೋ ನಡೆಸಿದ ಮಿಲ್ಟನ್ ಮಿಲ್ಲರ್‌ನ ‘ಮ್ಯಾಂಡರಿನ್’ಗಳನ್ನು ಸಾಲಾಗಿ ಇಟ್ಟು ನೋಡಿದ ವಿದ್ವಾಂಸರಿಗೆ ಒಂದೇ ಮುಖ ಬೇರೆ ಬೇರೆ ಉಡುಪಿನಲ್ಲಿ ಸಿಕ್ಕಿದೆ. ವೇಷ ಹಾಕಿಸಿ ಕೂರಿಸಿದ ಮಾದರಿಗಳು ಅವರು. ಆದ್ದರಿಂದ ಹೆಸರಿಲ್ಲದ ಚಿತ್ರ ಸಿಕ್ಕರೆ, ಅದೇ ಸ್ಟುಡಿಯೋದ ಉಳಿದ ಚಿತ್ರಗಳನ್ನು ಪಕ್ಕಕ್ಕಿಟ್ಟುಕೊಂಡು ಮುಖ, ಕುರ್ಚಿ, ಹಾಸು, ಹಿಂದಿನ ಪರದೆಗಳನ್ನು ಹೋಲಿಸಿ.

ಯಾರು, ಎಲ್ಲಿ, ಯಾವಾಗ ಎಂದು ಗೊತ್ತಿರುವ ಚಿತ್ರಗಳ ತೂಕವೇ ಬೇರೆ. ಫ್ರಾನ್ಸಿನ ಜೂಲ್ ಇಟಿಯೇ 1844ರಲ್ಲಿ ತೆಗೆದ, ಚಿಂಗ್ ಹಿರಿಯ ಅಧಿಕಾರಿ ಚೀಯಿಂಗ್‌ನ ಡಾಗೆರೋಟೈಪ್ ಅಂಥದ್ದು. ಛಾಯಾಗ್ರಾಹಕ ಫೆಲಿಚೆ ಬಿಯಾಟೋ 1860ರ ಅಕ್ಟೋಬರ್ 24ರಂದು, ಎರಡನೇ ಅಫೀಮು ಯುದ್ಧ ಮುಗಿಸಿದ ಬೀಜಿಂಗ್ ಒಪ್ಪಂದದ ಸಹಿ ಸಮಾರಂಭವನ್ನು ಸೆರೆಹಿಡಿಯಲು ಹೋಗಿ, ಸಭಾಂಗಣದಲ್ಲಿ ಬೆಳಕು ಸಾಲದೆ ಸೋತ; ಚೀನಾದ ಪರ ಸಹಿ ಹಾಕಿದ ರಾಜಕುಮಾರ ಗೋಂಗ್‌ನ ಭಾವಚಿತ್ರ ಅವನಿಗೆ ದಕ್ಕಿದ್ದು ನವೆಂಬರ್ 2ರಂದು.