ವಿಚಾರಣೆಗೆ ಕರೆದೊಯ್ದ ಹೊತ್ತು 24 ಗಂಟೆಯ ಲೆಕ್ಕಕ್ಕೆ ಸೇರುತ್ತದೆಯೇ?

ಪ್ರಶ್ನೆ: ನನ್ನ ತಮ್ಮನನ್ನು ಸೋಮವಾರ ರಾತ್ರಿ 9ಕ್ಕೆ ಪೊಲೀಸರು ಮನೆಯಿಂದ ಕರೆದುಕೊಂಡು ಹೋದರು. ಕೋರ್ಟಿಗೆ ಹಾಜರುಪಡಿಸಿದ್ದು ಗುರುವಾರ ಮಧ್ಯಾಹ್ನ. ಕೇಳಿದರೆ, "ಮೊದಲೆರಡು ದಿನ ಬರೀ ವಿಚಾರಣೆ, ಅರೆಸ್ಟ್ ಮಾಡಿದ್ದು ಬುಧವಾರ ಸಂಜೆ" ಅನ್ನುತ್ತಾರೆ. ಸರಿಯೇ ಸರ್?

ಸರಿಯಲ್ಲ. ಊರು, ವಾರ ಬದಲಾಗಿ ಇದೇ ಪ್ರಶ್ನೆ ನನಗೆ ತಿಂಗಳಿಗೆರಡು ಸಲವಾದರೂ ಬರುತ್ತದೆ. ದಾರಿಯ ಸಮಯ ಬಿಟ್ಟು 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕೆನ್ನುವ ಸಂವಿಧಾನದ 22(2)ನೇ ವಿಧಿ ಎಲ್ಲರಿಗೂ ಬಾಯಿಪಾಠ. ತಕರಾರೆಲ್ಲ ಗಡಿಯಾರ ಯಾವಾಗ ಶುರು ಎಂಬಲ್ಲಿ.

"ವಿಚಾರಣೆ ಬೇರೆ, ಅರೆಸ್ಟ್ ಬೇರೆ" ಎಂಬುದನ್ನು ಸ್ಟೇಷನ್ ಮುಂದೆ ಕಾಯುವ ಮನೆಯವರು ನಂಬುತ್ತಾರೆ; ನಮ್ಮ ಕೆಲವು ಕಿರಿಯ ವಕೀಲರೂ ನಂಬುತ್ತಾರೆ, ಅದೇ ಬೇಜಾರು. ನಿಮ್ಮ ತಮ್ಮ ಸೋಮವಾರ ರಾತ್ರಿಯೇ "ನಾಳೆ ಬರ್ತೀನಿ ಸರ್" ಅಂತ ಎದ್ದು ಹೊರಟಿದ್ದರೆ ಬಿಡುತ್ತಿದ್ದರೇ? ಇಲ್ಲ ಎಂದಾದರೆ ಅದು ಬಂಧನವೇ. ಮೊಬೈಲು ಕಿತ್ತಿಟ್ಟು, ಬೆಲ್ಟು ಬಿಚ್ಚಿಸಿ, ಒಳಗಿನ ಬೆಂಚಿನ ಮೇಲೆ ಕೂರಿಸಿದ ಮೇಲೆ ಅದಕ್ಕೆ ಏನು ಹೆಸರಿಟ್ಟರೂ ಒಂದೇ. ಸ್ವಾತಂತ್ರ್ಯಕ್ಕೆ ತಡೆ ಬಿದ್ದ ಕ್ಷಣದಿಂದ ಬಂಧನ ಶುರು, ಅಧಿಕಾರಿ ಬರೆದುಕೊಂಡ ಸಮಯದಿಂದಲ್ಲ ಎಂದು ಬಾಂಬೆ ಹೈಕೋರ್ಟ್ 1990ರಲ್ಲೇ ಅಶಕ್ ಹುಸೇನ್ ಪ್ರಕರಣದಲ್ಲಿ ಹೇಳಿದೆ.

ಜೋಗಿಂದರ್ ಕುಮಾರ್ ಪ್ರಕರಣವನ್ನಂತೂ ನಾನು ಎಷ್ಟು ಸಲ ಹೇಳಿದರೂ ಸಾಲದು. 1994ರ ಜನವರಿಯಲ್ಲಿ ಗಾಜಿಯಾಬಾದಿನ ಪೊಲೀಸರು 28 ವರ್ಷದ ಈ ವಕೀಲರನ್ನು ವಿಚಾರಣೆಗೆಂದು ಕರೆಸಿಕೊಂಡರು. ದಿನಗಳು ಕಳೆದರೂ ಆಸಾಮಿಯ ಪತ್ತೆಯಿಲ್ಲ. ಮನೆಯವರು ಸುಪ್ರೀಂ ಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ (ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತನ್ನಿ ಎಂದು ಕೇಳುವ ಅರ್ಜಿ) ಹಾಕಿದಾಗ ಪೊಲೀಸರ ಉತ್ತರ: ಅವರನ್ನು ಬಂಧನದಲ್ಲೇ ಇಟ್ಟಿರಲಿಲ್ಲ, ತನಿಖೆಗೆ ಸಹಕರಿಸುತ್ತಿದ್ದರು! ನಮ್ಮ ಎಂ. ಎನ್. ವೆಂಕಟಾಚಲಯ್ಯನವರು ಮುಖ್ಯ ನ್ಯಾಯಮೂರ್ತಿಯಾಗಿದ್ದ ಪೀಠ ಅಲ್ಲಿಗೇ ಬಿಡಲಿಲ್ಲ. ಬಂಧಿಸುವ ಅಧಿಕಾರ ಇರುವುದು ಒಂದು, ಅದನ್ನು ಬಳಸಲು ಕಾರಣ ಇರುವುದು ಇನ್ನೊಂದು ಎಂದಿತು. ಬಂಧನದ ಸುದ್ದಿಯನ್ನು ಬಂಧಿತ ಹೇಳಿದವರಿಗೆ ಮುಟ್ಟಿಸಬೇಕೆಂದೂ ಆದೇಶಿಸಿತು.

ಇನ್ನು "24 ಗಂಟೆ ಇಟ್ಕೊಳ್ಳೋದು ಪೊಲೀಸರ ಹಕ್ಕು" ಎನ್ನುವವರು ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 58ನೇ ಕಲಂ ಓದಲಿ. ಸಂದರ್ಭಕ್ಕೆ ಸಮಂಜಸವೆನಿಸುವಷ್ಟೇ ಹೊತ್ತು, ಎಷ್ಟೇ ಆದರೂ 24 ಗಂಟೆ ಮೀರುವಂತಿಲ್ಲ ಎಂದಿದೆ ಅಲ್ಲಿ. ಎರಡು ಗಂಟೆಯಲ್ಲಿ ಮುಗಿಯುವ ಕೆಲಸಕ್ಕೆ ಇಡೀ ದಿನ ಕೂರಿಸಿಕೊಳ್ಳಲು ಅದು ಪರವಾನಗಿ ಕೊಡುವುದಿಲ್ಲ. ಭಾನುವಾರವೆಂಬ ನೆಪವೂ ನಡೆಯದು, ಮ್ಯಾಜಿಸ್ಟ್ರೇಟರ ಮನೆ ಬಾಗಿಲು ತೆರೆದೇ ಇರುತ್ತದೆ.

ನೀವು ಮಾಡಬೇಕಾದ್ದು: ಬಂಧಿಸುವಾಗ ಪೊಲೀಸರು ಬರೆಯುವ ಅರೆಸ್ಟ್ ಮೆಮೊದಲ್ಲಿರುವ ಸಮಯ ನೋಡಿ. ಸೋಮವಾರ ರಾತ್ರಿ ಕರೆದೊಯ್ದದ್ದಕ್ಕೆ ಫೋನ್ ಕರೆ, ನೆರೆಯವರ ಸಾಕ್ಷಿ ಏನಿದೆಯೋ ಒಟ್ಟು ಮಾಡಿ. ಠಾಣೆಯ ಸಿಸಿಟಿವಿ ದೃಶ್ಯ ಅಳಿಸದಂತೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಿ. ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕೆಂದು 2020ರಲ್ಲೇ ಸುಪ್ರೀಂ ಕೋರ್ಟ್ ಆದೇಶಿಸಿದೆ. ಇದರಿಂದ ಕೇಸು ಬಿದ್ದುಹೋಗುತ್ತದೆಂದು ಆಸೆ ಇಟ್ಟುಕೊಳ್ಳಬೇಡಿ. ಬಿಡುಗಡೆ ಕೇಳಲು, ಪರಿಹಾರ ಕೇಳಲು ದಾರಿಯಾಗುತ್ತದೆ. ಜಮ್ಮು-ಕಾಶ್ಮೀರದ ಶಾಸಕ ಭೀಮ್ ಸಿಂಗ್ ಅವರನ್ನು ಹಾಜರುಪಡಿಸದೆಯೇ ರಿಮ್ಯಾಂಡ್ (ಬಂಧನದಲ್ಲೇ ಮುಂದುವರಿಸಲು ಮ್ಯಾಜಿಸ್ಟ್ರೇಟರ ಆದೇಶ) ಪಡೆದದ್ದಕ್ಕೆ 1985ರಲ್ಲಿ ಸುಪ್ರೀಂ ಕೋರ್ಟ್ 50,000 ರೂಪಾಯಿ ಕೊಡಿಸಿತು. ಕಣ್ಣುಮುಚ್ಚಿ ಸಹಿ ಹಾಕಿದ ಮ್ಯಾಜಿಸ್ಟ್ರೇಟರಿಗೂ ಛೀಮಾರಿ ಬಿತ್ತು.

ನೀವು ಕೇಳದ ಇನ್ನೊಂದು ಮಾತು. ಬಂಧನದ ಕಾರಣಗಳನ್ನು ಲಿಖಿತವಾಗಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಎಂದು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಿದೆ. ಮತ್ತೆ ಅಂದೆ, ಏಕೆಂದರೆ ಮುಂಜಾಗ್ರತಾ ಬಂಧನದ (ತಪ್ಪು ಮಾಡದಂತೆ ಮೊದಲೇ ಹಿಡಿದಿಡುವುದು) ಹರಿಕಿಶನ್ ಪ್ರಕರಣದಲ್ಲಿ, ಇಂಗ್ಲಿಷ್ ಕಾಗದ ಕೊಟ್ಟು ಬಾಯಲ್ಲಿ ಅನುವಾದಿಸಿ ಹೇಳಿದೆವು ಎಂಬ ಸಬೂಬನ್ನು ಇದೇ ಕೋರ್ಟ್ 1962ರಲ್ಲೇ ತಳ್ಳಿಹಾಕಿತ್ತು. ನಿಮ್ಮ ತಮ್ಮನ ಕೈಗೆ ಕಾಗದ ಕೊಟ್ಟರೇ? ಕೊಟ್ಟಿದ್ದರೆ ಕನ್ನಡದಲ್ಲಿತ್ತೇ? ಜಾಮೀನು ಅರ್ಜಿಗೆ ಮುಂಚೆ ಅದನ್ನು ವಕೀಲರಿಗೆ ತೋರಿಸಿ.