ಪೊರೆಯೊಳಗಿನ ಲೆಕ್ಕ, ತೋಟದೊಳಗಿನ ಬೋರರ್

ಕಂಪ್ಯೂಟರ್ ಅಂದರೆ ಒಂದಾದ ಮೇಲೊಂದು ಆಜ್ಞೆ ಪಾಲಿಸುವ ಯಂತ್ರ ಎಂದೇ ನಾವು ಮೇಷ್ಟ್ರುಗಳು ಪಾಠ ಶುರು ಮಾಡುತ್ತೇವೆ. ಜೀವಕೋಶದ ರೀತಿಯೇ ಬೇರೆ. ಅಲ್ಲಿ ಅಸಂಖ್ಯ ರಾಸಾಯನಿಕ ಕ್ರಿಯೆಗಳು ಒಟ್ಟಿಗೇ ನಡೆಯುತ್ತವೆ. ಯಾವುದು ಮೊದಲು ಎಂದು ಹೇಳುವವರು ಯಾರೂ ಇಲ್ಲ. ರೊಮೇನಿಯಾದ ಗ್ಯೋರ್ಗೆ ಪೌನ್ 1998ರಲ್ಲಿ ಇದನ್ನೇ ಲೆಕ್ಕದ ಮಾದರಿಯಾಗಿ ಕಟ್ಟಿದರು. ಅದಕ್ಕೆ ಪಿ ಸಿಸ್ಟಮ್ ಎಂದು ಹೆಸರು.

ಒಂದರೊಳಗೊಂದು ಪೊರೆಗಳು, ಅವುಗಳೊಳಗೆ ವಸ್ತುಗಳು, ಪ್ರತಿ ಪೊರೆಗೂ ಅದರದ್ದೇ ನಿಯಮ. ಇಷ್ಟೇ. ನಮ್ಮ ಕೋಶದ ಸೋಡಿಯಂ ಪಂಪನ್ನೇ ನೋಡಿ. ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಎಂಬ ಅಣು ಒಂದು ಖರ್ಚಾದರೆ 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ. ಇದು ಒಂದು ಸಾಲಿನ ನಿಯಮ. ಒಳಗೆ 9 ಸೋಡಿಯಂ, 3 ಎಟಿಪಿ, ಹೊರಗೆ 6 ಪೊಟ್ಯಾಸಿಯಂ ಇದ್ದರೆ ನಿಯಮ ಒಂದೇ ಹೆಜ್ಜೆಯಲ್ಲಿ ಮೂರು ಸಲ ನಡೆದುಬಿಡುತ್ತದೆ. ಸರದಿ ಕಾಯುವ ಮಾತೇ ಇಲ್ಲ.

ಪೊರೆ ಇಬ್ಭಾಗವಾಗುವ ನಿಯಮವೂ ಉಂಟು. ಹತ್ತು ಹೆಜ್ಜೆಗೆ 1,024 ಪೊರೆ! ಕಷ್ಟದ ಲೆಕ್ಕದ ಎಲ್ಲ ಸಾಧ್ಯತೆಗಳನ್ನೂ ಒಟ್ಟಿಗೇ ನೋಡಬಹುದು ಎಂದು ಜನ ಜಾಸ್ತಿ ಹೊಗಳುವುದು ಇದನ್ನೇ. ಕಾಗದದ ಮೇಲೆ ಅದು ನಿಜ. ಲ್ಯಾಪ್‌ಟಾಪಿನಲ್ಲಿ ಮಾತ್ರ ಅಷ್ಟೂ ಪೊರೆಗಳ ಲೆಕ್ಕ ಅದರ ತಲೆಗೇ ಬೀಳುತ್ತದೆ.

ನನಗೆ ಇದರ ಬೆಲೆ ಕಾಣುವುದು ಬೇರೆ ಕಡೆ. ಪಿರನೀಸ್ ಬೆಟ್ಟದ ಗಡ್ಡದ ರಣಹದ್ದುಗಳ ಸಂಖ್ಯೆ ಹೇಗೆ ಏರಿಳಿಯುತ್ತದೆ ಎಂದು ಸ್ಪೇನಿನ ಸಂಶೋಧಕರು ಪಿ ಸಿಸ್ಟಮ್ ಬಳಸಿ ನೋಡಿದ್ದಾರೆ. ಹುಟ್ಟು, ಸಾವು, ಆಹಾರ ಎಲ್ಲವೂ ನಿಯಮಗಳೇ. ಯಾವುದು ಎಷ್ಟು ಸಂಭವ ಎಂಬ ಅಂಕಿಯೂ ಜೊತೆಗಿರುತ್ತದೆ.

ಕೊಡಗಿನ ಅರೇಬಿಕಾ ಕಾಫಿ ತೋಟದ ಬಿಳಿ ಕಾಂಡಕೊರಕಕ್ಕೂ, ಅಂದರೆ ಗಿಡದ ಕಾಂಡ ಕೊರೆಯುವ ಬೋರರ್ ಹುಳುವಿಗೂ, ಇದು ಚೆನ್ನಾಗಿ ಹೊಂದುತ್ತದೆ. ಈ ಹುಳು ಬೆಳೆದು ಆಗುವ ದುಂಬಿ ಮೊಟ್ಟೆಯಿಡುವುದು ತೊಗಟೆಯ ಬಿರುಕಿನಲ್ಲಿ, ಅದೂ ಬಿಸಿಲು ಬೀಳುವ ಗಿಡವೆಂದರೆ ಅದಕ್ಕೆ ಇಷ್ಟ. ಹಾಗಾಗಿ ನೆರಳಿರುವ ಬ್ಲಾಕ್ ಒಂದು ಪೊರೆ, ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಜಾಸ್ತಿಯಾದ ಬ್ಲಾಕ್ ಇನ್ನೊಂದು. ಮೊಟ್ಟೆ ಹುಳುವಾಗುವ ನಿಯಮ ಎರಡರಲ್ಲೂ ಒಂದೇ, ಮೊಟ್ಟೆ ಬೀಳುವ ಸಂಭವ ಬೇರೆ. ದುಂಬಿ ಒಂದು ಪೊರೆಯಿಂದ ಇನ್ನೊಂದಕ್ಕೆ ದಾಟುವ ನಿಯಮ ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇದ್ದರೆ ಸಾಕು. ಅದು ಹೆಚ್ಚು ಹಾರುವ ಕಾಲ ಅದೇ ಅಲ್ವಾ? ಬೋರರ್ ಹಿಡಿದ ಗಿಡ ಕಿತ್ತು ಸುಡುವುದೂ ಒಂದು ನಿಯಮ. ಅದನ್ನು ಒಂದು ಸಲ ಮಾರ್ಚಿಗೆ, ಇನ್ನೊಂದು ಸಲ ಜೂನಿಗೆ ಇಟ್ಟು ಮಾದರಿಯನ್ನು ಕಂಪ್ಯೂಟರಿನಲ್ಲಿ ಓಡಿಸಿದರೆ ದುಂಬಿ ಹಾರುವ ಮುಂಚೆ ಕಿತ್ತದ್ದಕ್ಕೂ ಆಮೇಲೆ ಕಿತ್ತದ್ದಕ್ಕೂ ಏನು ವ್ಯತ್ಯಾಸ ಎಂದು ವರ್ಷ ವರ್ಷವೂ ಎಣಿಸಿ ನೋಡಬಹುದು.

ಕೊನೆ ವರ್ಷದ ಹುಡುಗರಿಗೆ ಇದು ಒಳ್ಳೇ ಪ್ರಾಜೆಕ್ಟ್. ಪ್ರೋಗ್ರಾಮ್ ಬರೆಯುವ ಪೈಥಾನ್ ಭಾಷೆ ಬಂದರೆ ಸಾಕು. ಕಷ್ಟ ಇರುವುದು ಅಂಕಿಗಳಲ್ಲಿ. ಯಾವ ಬ್ಲಾಕಿನಲ್ಲಿ, ಯಾವ ತಿಂಗಳು, ಎಷ್ಟು ಗಿಡ ಕಿತ್ತಿರಿ ಎಂದು ಬರೆದಿಟ್ಟ ಡೈರಿ ನಿಮ್ಮ ತೋಟದಲ್ಲಿದ್ದರೆ ದಯವಿಟ್ಟು ಅವರ ಕೈಗೆ ಕೊಡಿ.