ಬಟನ್ ಮರೆಮಾಡಿದರೆ ಬೀಗ ಹಾಕಿದಂತಾಗದು

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಮಂಡಿಯನ್ನು ನೆನೆಸಿಕೊಳ್ಳಿ. ಹಮಾಲರು ಚೀಲ ಇಳಿಸುತ್ತಾರೆ. ಗುಮಾಸ್ತರು ರಾಶಿ, ಬೆಟ್ಟೆ, ಗೊರಬಲು ಎಂದು ಬೇರೆ ಬೇರೆಯಾಗಿ ತೂಕ ಬರೆದುಕೊಳ್ಳುತ್ತಾರೆ. ಹಣ ಕೊಡುವವರು ಕ್ಯಾಷಿಯರ್. ತೂಕ ತಿದ್ದುವ ಅಧಿಕಾರ ಅವರಿಗಿಲ್ಲ. ಲೆಕ್ಕವೆಲ್ಲ ಡೇಟಾಬೇಸ್ ಸೇರಿದ ಮೇಲೆ ಈ ಕಟ್ಟುಪಾಡನ್ನು ತಂತ್ರಾಂಶವೂ ಪಾಲಿಸಬೇಕು.

ಅನುಮತಿಯನ್ನು ವ್ಯಕ್ತಿಗಲ್ಲ, ಹೊಣೆಗೆ ಕೊಡಿ ಎಂಬ ಕ್ರಮಕ್ಕೆ 1992ರಲ್ಲಿ ಅಮೆರಿಕದ ಗಣಕ ವಿಜ್ಞಾನಿಗಳಾದ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕೂನ್ ಖಚಿತ ರೂಪ ಕೊಟ್ಟರು. ಗುಮಾಸ್ತರು ಬದಲಾದರೆ ಹೊಸಬರಿಗೆ ಅದೇ 'ರೋಲ್', ಅಂದರೆ ಅದೇ ಹೊಣೆ, ವಹಿಸಿದರಾಯಿತು.

ಎಡವಟ್ಟಾಗುವುದು ಇದರ ನಂತರ. ಗುಮಾಸ್ತರ ಪರದೆಯಲ್ಲಿ 'ಹಣ ಪಾವತಿ' ಬಟನ್ ಕಾಣದಂತೆ ಮಾಡಿ, ಕೆಲಸ ಮುಗಿಯಿತೆಂದು ಎಷ್ಟೋ ಜನ ಕೈತೊಳೆದುಕೊಳ್ಳುತ್ತಾರೆ. ಪರದೆ ಇರುವುದು ಬಳಕೆದಾರರ ಕೈಯಲ್ಲಿ; ಬಟನ್ ಇಲ್ಲದೆಯೂ ಸರ್ವರ್‌ಗೆ, ಅಂದರೆ ಲೆಕ್ಕ ಇಟ್ಟಿರುವ ಆಚೆಯ ಗಣಕಕ್ಕೆ, ಕೋರಿಕೆ ಕಳಿಸಬಹುದು. ಆದ್ದರಿಂದ ಪ್ರತಿ ಕೋರಿಕೆಯನ್ನೂ ಸರ್ವರ್ ಪರಿಶೀಲಿಸಲೇಬೇಕು. ಗಣಕ ವಿಜ್ಞಾನಿಗಳಾದ ಸಾಲ್ಟ್ಜರ್ ಮತ್ತು ಶ್ರೋಡರ್ 1975ರಲ್ಲೇ ಇದನ್ನು ನಿಯಮವಾಗಿ ಬರೆದಿದ್ದರು.

ಅಷ್ಟು ಮಾಡಿದರೂ ಸಾಲದು. ಬೆಳೆಗಾರರೊಬ್ಬರು ಮೊಬೈಲ್‌ನಲ್ಲಿ ತಮ್ಮ ಮಾರಾಟದ ಪಟ್ಟಿ ತೆರೆಯುತ್ತಾರೆ. ಆ ಪುಟದ ಜಾಲವಿಳಾಸದ ಕೊನೆಯಲ್ಲಿ 412 ಎಂದಿದೆ. ಕುತೂಹಲಕ್ಕೆ ಅದನ್ನು 413 ಮಾಡುತ್ತಾರೆ. ಪಕ್ಕದ ತೋಟದವರು ಎಷ್ಟು ಕ್ವಿಂಟಲ್ ಮಾರಿದರು, ಬರುವ ಬೆಳೆಯ ಮೇಲೆ ಎಷ್ಟು ಮುಂಗಡ ಪಡೆದಿದ್ದಾರೆ ಎಂಬುದೆಲ್ಲ ಕಣ್ಣೆದುರು! ನಮ್ಮ ಊರುಗಳಲ್ಲಿ ಇದು ಮನೆಯ ಮಾನದ ವಿಷಯ, ಹಗುರವಾಗಿ ನೋಡಲಾಗದು. ತಂತ್ರಾಂಶ ರೋಲ್ ನೋಡಿತ್ತು: ಬೆಳೆಗಾರರು ಪಟ್ಟಿ ನೋಡಬಹುದು, ಸರಿ. ಆದರೆ ಯಾರ ಪಟ್ಟಿ ಎಂದು ಕೇಳಲೇ ಇಲ್ಲ. '413ನೇ ಪಟ್ಟಿ ಕೊಡು' ಎನ್ನುವಲ್ಲಿ 'ಈ ಬೆಳೆಗಾರರದೇ ಆಗಿದ್ದರೆ ಕೊಡು' ಎಂಬ ಷರತ್ತು ಸೇರಬೇಕಿತ್ತು. ತಂತ್ರಾಂಶ ಸುರಕ್ಷತೆಗಾಗಿ ದುಡಿಯುವ ಓವಾಸ್ಪ್ ಸಂಸ್ಥೆಯ 2021ರ ಜಾಲ ಅಪಾಯಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಇಂಥ ಅನುಮತಿ ಲೋಪಗಳಿಗೇ.

ಈ ಷರತ್ತನ್ನು ಡೇಟಾಬೇಸ್‌ನೊಳಗೇ ಇಡಬಹುದು. ಪೋಸ್ಟ್‌ಗ್ರೆಸ್ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶ 9.5ನೇ ಆವೃತ್ತಿಯಿಂದ ಕೋಷ್ಟಕದ ಸಾಲು ಸಾಲಿಗೂ ಕಾವಲು ಹಾಕುವ ಸೌಲಭ್ಯ ಕೊಟ್ಟಿದೆ. ಒಂದು ಎಚ್ಚರ: ಕೋಷ್ಟಕದ ಮಾಲೀಕತ್ವ ಹೊಂದಿರುವ ಡೇಟಾಬೇಸ್ ಖಾತೆಗೆ ಈ ಕಾವಲು ತಾನಾಗಿ ಅನ್ವಯಿಸುವುದಿಲ್ಲ. ತಂತ್ರಾಂಶ ಆ ಖಾತೆಯಿಂದಲೇ ಡೇಟಾಬೇಸ್ ಪ್ರವೇಶಿಸುತ್ತಿದ್ದರೆ, ಬರೆದ ನಿಯಮಗಳೆಲ್ಲ ಕಾಗದದ ಮೇಲಷ್ಟೇ ಉಳಿಯುತ್ತವೆ.

ಪರೀಕ್ಷಿಸುವಾಗ ಮಾಡಬೇಕಾದದ್ದನ್ನಷ್ಟೇ ಮಾಡಿ ನೋಡಬೇಡಿ, ಮಾಡಬಾರದ್ದನ್ನೂ ಮಾಡಿ ನೋಡಿ. ಗುಮಾಸ್ತರಾಗಿ ಲಾಗಿನ್ ಆಗಿ ಹಣ ಪಾವತಿಗೆ ಕೋರಿಕೆ ಕಳಿಸಿ. ಒಬ್ಬ ಬೆಳೆಗಾರರ ಖಾತೆಯಿಂದ ಇನ್ನೊಬ್ಬರ 413 ಕೇಳಿ. 'ನಿಮಗೆ ಅನುಮತಿ ಇಲ್ಲ' ಎಂಬ ಉತ್ತರ ಬಂದರೆ, ಅಂಥದೊಂದು ಪಟ್ಟಿ ಇದೆ ಎಂಬ ಗುಟ್ಟಾದರೂ ಹೊರಬಿತ್ತು. ನನ್ನ ಮಟ್ಟಿಗೆ ಸರಿಯಾದ ಉತ್ತರ, 'ಅಂಥ ಪಟ್ಟಿ ಸಿಗಲಿಲ್ಲ'.